ಮೂವತ್ತಾರು ಕಿಲೋದ ಮುಝಮ್ಮಿಲ್

ನಮ್ಮ ಮನೆಯಲ್ಲಿ ಮಕ್ಕಳ ತೂಕವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಹೇಳಿದರೆ ಕಣ್ಣು ಬೀಳುತ್ತದೆ ಎಂದು ಅಜ್ಜಿ ರುಖಿಯಮ್ಮನ ನಂಬಿಕೆ. ಹೇಳಲೇಬೇಕಾಗಿ ಬಂದರೆ ಕಡಿಮೆ ಮಾಡಿ ಹೇಳಬೇಕು. ಹುಟ್ಟಿದಾಗ ನಾನು ಮೂರು ಕಿಲೋ ಇದ್ದೆನಂತೆ. ನೋಡಲು ಬಂದವರಿಗೆಲ್ಲ ಅಜ್ಜಿ ಎರಡು ಎಂದರು. ನನ್ನ ತಮ್ಮ ಮುಝಮ್ಮಿಲ್ ನಾಲ್ಕೂಕಾಲು ಇದ್ದ. ಅವನನ್ನೂ ಎರಡು ಎಂದರು. ಆಮೇಲೆ ಅವನು ಬೆಳೆದ ಹಾಗೆಲ್ಲ ಅಜ್ಜಿಯ ಸುಳ್ಳೂ ಬೆಳೆಯಿತು.

ಅಜ್ಜ ಮೂಸಾ ವಿಟ್ಲದಲ್ಲಿ ಅಡಿಕೆ ವ್ಯಾಪಾರಿ. ತೇವದ ಲೆಕ್ಕಕ್ಕೆಂದು ಮೂಟೆಗೆ ಸ್ವಲ್ಪ ಕಳೆಯುವವರು. ಅವರ ದೂರು ಇಷ್ಟೇ: "ನಾನು ನೂರಕ್ಕೆ ಒಂದು ಕಿಲೋ ಕಳೆದರೆ ನನ್ನನ್ನು ಕಳ್ಳ ಅಂತ ಹೇಳ್ತಾರೆ. ಇವಳು ನೂರಕ್ಕೆ ಐವತ್ತು ಕಳೆದರೂ ಇವಳು ಪಾಪದ ಅಜ್ಜಿ."

ಹದಿಮೂರನೆಯ ವಯಸ್ಸಿಗೆ ಮುಝಮ್ಮಿಲ್ ಎಪ್ಪತ್ತೆರಡು ಕಿಲೋ ಇದ್ದ. ಓಡಲಾರ, ಹಾರಲಾರ, ಕಬಡ್ಡಿಯಲ್ಲಿ ಬಗ್ಗಲಾರ. ಶಾಲೆಯ ಆಟದ ದಿನ ಉಳಿದವರ ಚಪ್ಪಲಿ ಕಾಯುವುದು ಅವನ ಕೆಲಸವಾಗಿತ್ತು. ಈ ವರ್ಷ ಪಿ.ಟಿ. ಮಾಸ್ಟ್ರು ದೇವಿಪ್ರಸಾದ್ ಅವನನ್ನು ಹಗ್ಗಜಗ್ಗಾಟದ ತಂಡದ ತುದಿಗೆ ನಿಲ್ಲಿಸಿದರು. ತುದಿಯವನು ಹಗ್ಗವನ್ನು ಬೆನ್ನಿಗೆ ಸುತ್ತಿಕೊಂಡು ಹಿಂದಕ್ಕೆ ಒರಗಬೇಕು. ಒರಗುವುದರಲ್ಲಿ ಅವನಿಗೆ ಮೊದಲೇ ಅನುಭವ ಇತ್ತು. ಮೊದಲ ದಿನವೇ ಹತ್ತನೆಯ ತರಗತಿಯವರನ್ನು ಗೆರೆಯಿಂದ ಈಚೆಗೆ ಎಳೆದು ಹಾಕಿದರು.

ಆ ಸಂಜೆ ನಾನಿರುವ ಮೂಡುಬಿದಿರೆಯ ಹಾಸ್ಟೆಲಿಗೆ ಫೋನ್ ಬಂತು.

"ಅಕ್ಕಾ, ನಾನು ಟೀಮಲ್ಲಿ ಇದ್ದೇನೆ."

"ಯಾವ ಟೀಮು? ಊಟದ್ದಾ?"

ಫೋನ್ ಇಟ್ಟುಬಿಟ್ಟ. ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಮಾಡಿ ಅದನ್ನೇ ಹೇಳಿದ. ಜೀವಮಾನದಲ್ಲಿ ಮೊದಲ ಸಲ ಅವನ ಗಾತ್ರ ಯಾರಿಗೋ ಬೇಕಾಗಿತ್ತು. ಅದನ್ನು ಎರಡು ಸಲ ಹೇಳಿದರೂ ಸಾಲದು ಎಂದು ನನಗೆ ಆಮೇಲೆ ಅನಿಸಿತು.

ಪಂದ್ಯ ಮೂಡುಬಿದಿರೆಯಲ್ಲಿ, ಮುಂದಿನ ವಾರ ಬಿಟ್ಟು ಅದರಾಚೆಯ ಶನಿವಾರ. ಎಲ್ಲ ಮಕ್ಕಳೂ ಇಸಿಜಿ ಮಾಡಿಸಿ, ಆಡಬಹುದು ಎಂದು ಡಾಕ್ಟರ ಸಹಿ ತರಬೇಕೆಂದು ನಡೆಸುವವರು ಹೇಳಿದ್ದರು. ನಮ್ಮನ್ನು ಹೆತ್ತ ಉಮ್ಮ ಶಹನಾಝಿಗೆ ಆ ದಿನ ಜ್ವರ. ಹಾಗಾಗಿ ಮುಝಮ್ಮಿಲನನ್ನು ವಿಟ್ಲದ ಲ್ಯಾಬಿಗೆ ಕರೆದುಕೊಂಡು ಹೋದದ್ದು ಅಜ್ಜಿ. ಅಲ್ಲಿ ನಡೆದದ್ದನ್ನು ಅವನು ನನಗೆ ಆಮೇಲೆ ನಟನೆ ಸಮೇತ ಹೇಳಿದ್ದಾನೆ.

ಲ್ಯಾಬಿನಲ್ಲಿ ಟೆಕ್ನೀಷಿಯನ್ ಚಿತ್ರಾ ಒಬ್ಬಳೇ ಇದ್ದಳು. ತೂಕದ ಮೆಷಿನಿನ ಬ್ಯಾಟರಿ ಮುಗಿದಿತ್ತು. ಗೋಡೆಗೆ ನಿಲ್ಲಿಸಿ ಎತ್ತರ ಅಳೆದಳು, ಮಂಚದ ಮೇಲೆ ಮಲಗಿಸಿದಳು, ಕೈಕಾಲಿಗೆ ಕ್ಲಿಪ್ ಸಿಕ್ಕಿಸಿದಳು, ಎದೆಗೆ ಜೆಲ್ ಹಚ್ಚಿ ರಬ್ಬರಿನ ಗುಂಡುಗಳನ್ನು ಕಚ್ಚಿಸಿದಳು.

"ಪ್ರಾಯ ಎಷ್ಟು?"

"ಹದಿಮೂರು," ಎಂದರು ಅಜ್ಜಿ.

"ತೂಕ?"

"ಮೂವತ್ತಾರು."

ಚಿತ್ರಾ ಪೆನ್ನು ನಿಲ್ಲಿಸಿ ಮಂಚದ ಕಡೆ ನೋಡಿದಳು. ಮಂಚದ ಈ ಅಂಚಿನಿಂದ ಆ ಅಂಚಿನವರೆಗೆ ಮುಝಮ್ಮಿಲ್ ಇದ್ದ.

"ಮೂವತ್ತಾರಾ ರುಖಿಯಮ್ಮ?"

"ನೋಡ್ಲಿಕ್ಕೆ ಹಾಗೆ ಕಾಣುವುದು. ಎಲುಬು ಅಗಲ. ಒಳಗೆ ಮಾಂಸ ಇಲ್ಲ."

"ಹೊರಗೆ ಉಂಟಲ್ಲ?"

"ಅದು ಗಾಳಿ."

"ಗಾಳಿಯಾ?"

"ಮೆಲ್ಲ ಮಾತಾಡು ಮಾರಾಯ್ತಿ, ಹೊರಗೆ ಜನ ಇದ್ದಾರೆ. ಬರೆ, ಮೂವತ್ತಾರು ಬರೆ."

ಹೊರಗೆ ನಿಜವಾಗಿಯೂ ಜನ ಇದ್ದರು, ಗಲಾಟೆಯನ್ನೂ ಮಾಡುತ್ತಿದ್ದರು. ಚಿತ್ರಾ ಬರೆದಳು. ಗೆರೆಗಳ ಫೋಟೋ ತೆಗೆದು, ಪ್ರಾಯ, ಎತ್ತರ, ತೂಕ ಸೇರಿಸಿ, ಮಂಗಳೂರಿನಲ್ಲಿ ಕುಳಿತು ಇಂಥವನ್ನು ಓದುವ ಡಾಕ್ಟರಿಗೆ ಮೊಬೈಲಿನಲ್ಲಿ ಕಳಿಸಿದಳು. ಆ ಡಾಕ್ಟರು ಮುಝಮ್ಮಿಲನನ್ನು ನೋಡಿದವರಲ್ಲ. ಅವರ ಪಾಲಿಗೆ ಅವನು ನೀಳವಾದ, ಸಪೂರದ, ಮೂವತ್ತಾರು ಕಿಲೋದ ಹುಡುಗ.

ಸಂಜೆ ಚಿತ್ರಾ ಫೋನ್ ಮಾಡಿದಳು. ಎತ್ತಿದ್ದು ಅಜ್ಜಿ.

"ರುಖಿಯಮ್ಮ, ಇಷ್ಟು ಸಪೂರ ಮಕ್ಕಳಿಗೆ ಗೆರೆ ಎತ್ತರ ಬರಬೇಕಂತೆ. ಇವನದ್ದು ಗಿಡ್ಡ ಉಂಟು. ಹೃದಯದ ಸುತ್ತ ನೀರು ತುಂಬಿದರೆ ಹಾಗೆ ಆಗ್ತದೆ ಅಂತ ಡಾಕ್ಟ್ರು ಹೇಳ್ತಾರೆ. ಬಿ.ಸಿ.ರೋಡಿನಲ್ಲಿ ಮಕ್ಕಳ ಡಾಕ್ಟ್ರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಬೇಕು. ಅಲ್ಲಿಯವರೆಗೆ ಆಟ ಬೇಡ." ಸ್ವಲ್ಪ ತಡೆದು ಕೇಳಿದಳು, "ತೂಕ ಸರಿ ಹೇಳಿದ್ದೀರಲ್ಲ?"

"ಅಲ್ಲದೆ?" ಎಂದರು ಅಜ್ಜಿ.

ತೂಕಕ್ಕೂ ಹೃದಯಕ್ಕೂ ಏನು ಸಂಬಂಧ ಎಂದು ಅವರಿಗೆ ನಿಜವಾಗಿ ತಿಳಿದಿರಲಿಲ್ಲ. ಗೆರೆ, ಎತ್ತರ, ಗಿಡ್ಡ ಎಲ್ಲ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಗೆ ಬಂದವು. ಫೋನ್ ಇಟ್ಟು ಮನೆಯವರಿಗೆ ಹೇಳಿದ್ದು ಎರಡೇ ಮಾತು: ಹೃದಯದಲ್ಲಿ ನೀರು, ಆಟ ಬೇಡ.

ಉಮ್ಮ ಅತ್ತರು. ಸೌದಿಯ ದಮ್ಮಾಮಿನಲ್ಲಿರುವ ಅಪ್ಪ, ನಮ್ಮ ಉಪ್ಪ ನಿಝಾರ್, ವಿಡಿಯೋದಲ್ಲಿ ಅತ್ತರು. ಅವರ ಹಿಂದೆ ರೂಮಿನವರು ಯಾರೋ ಚಪಾತಿ ಲಟ್ಟಿಸುತ್ತ ಅತ್ತರು. ಬಿ.ಸಿ.ರೋಡಿನ ಡಾಕ್ಟರ ಸರದಿ ಸಿಕ್ಕಿದ್ದು ಪಂದ್ಯಕ್ಕೆ ಎರಡು ದಿನ ಮೊದಲಿನ ಗುರುವಾರಕ್ಕೆ.

ಅಲ್ಲಿಯವರೆಗೆ ಮುಝಮ್ಮಿಲನ ಚಿಕಿತ್ಸೆಯನ್ನು ಅಜ್ಜಿ ವಹಿಸಿಕೊಂಡರು. ಮಂಚದಿಂದ ಇಳಿಯಬಾರದು. ನೀರು ಕುಡಿಯಬಾರದು, ಈಗ ಇರುವ ನೀರೇ ಜಾಸ್ತಿಯಲ್ಲವೆ, ಹಾಲು ಕುಡಿಯಬಹುದು. ಹೃದಯಕ್ಕೆ ಶಕ್ತಿ ಬೇಕು, ಆದ್ದರಿಂದ ಬೆಳಿಗ್ಗೆ ಅಕ್ಕಿರೊಟ್ಟಿಯಂಥ ಪತ್ತಿರಿ ಮತ್ತು ಕೋಳಿ, ಮಧ್ಯಾಹ್ನ ತುಪ್ಪದನ್ನ, ನಾಲ್ಕು ಗಂಟೆಗೆ ಬಾಳೆಹಣ್ಣಿನ ಹಲ್ವ. ಮೊದಲ ದಿನ ಮುಝಮ್ಮಿಲನಿಗೆ ಈ ಕಾಯಿಲೆ ಬಹಳ ಹಿಡಿಸಿತು. ಎರಡನೆಯ ದಿನ ಗೆಳೆಯ ಬಾಸಿತ್ ಕಿಟಕಿಗೆ ಬಂದು ನಿಂತ.

"ತುದಿಗೆ ನನ್ನನ್ನು ನಿಲ್ಲಿಸಿದ್ದಾರೆ ಮಾರಾಯ."

"ಮತ್ತೆ? ಎಳೆದಿರಾ?"

"ಎಳೆದದ್ದು ಅವರು. ಹತ್ತನೆಯವರು ನಮ್ಮನ್ನು ಕಂಪೌಂಡಿನ ಗೋಡೆವರೆಗೆ ಕರ್ಕೊಂಡು ಹೋದ್ರು. ಗೋಡೆ ಇಲ್ಲದಿದ್ದರೆ ಪುತ್ತೂರಿಗೆ ಮುಟ್ಟುತ್ತಿದ್ದೆವು."

ಮುಝಮ್ಮಿಲ್ ನಗಲಿಲ್ಲ. ಆ ದಿನದ ಹಲ್ವ ಹಾಗೇ ಉಳಿಯಿತು. ಮನೆಯವರಿಗೆ ಭಯ ಹೆಚ್ಚಾದದ್ದು ಅದರಿಂದ. ರಾತ್ರಿ ನನಗೆ ಫೋನ್ ಮಾಡಿದ. ಸ್ವರ ಸಣ್ಣದಾಗಿತ್ತು.

"ಅಕ್ಕಾ, ಗುರುವಾರ ನೀರು ತೆಗೆದರೆ ಶನಿವಾರಕ್ಕೆ ಎಳೀಬಹುದಾ?"

ಬದುಕುತ್ತೇನಾ ಎಂದು ಅವನು ಕೇಳಲಿಲ್ಲ. ಎಳೆಯಬಹುದಾ ಎಂದು ಕೇಳಿದ. ನನಗೆ ಯಾವ ತಮಾಷೆಯೂ ಹೊಳೆಯಲಿಲ್ಲ. ಗುರುವಾರ ನಾನೂ ಬರುತ್ತೇನೆ ಎಂದೆ.

ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಇಳಿಯುವಾಗ ಮೂವರೂ ಕಾಯುತ್ತಿದ್ದರು. ಅಜ್ಜಿ ಮುಝಮ್ಮಿಲನ ಒಂದು ತೋಳು ಹಿಡಿದಿದ್ದರು, ಉಮ್ಮ ಇನ್ನೊಂದು ತೋಳು. ಕುಸಿದು ಬಿದ್ದರೆ ಇಬ್ಬರೂ ಅವನ ಅಡಿಯಲ್ಲಿ ಹೋಗುತ್ತಿದ್ದರು, ಆ ಯೋಚನೆ ಇಬ್ಬರಿಗೂ ಬಂದಂತಿರಲಿಲ್ಲ. ಕ್ಲಿನಿಕ್ಕಿನ ಬೆಂಚಿನಲ್ಲಿ ತುಂಬ ಹೊತ್ತು ಕುಳಿತೆವು. ಕೊನೆಗೆ ನರ್ಸ್ ಹೆಸರು ಕರೆದಳು. ಮುಝಮ್ಮಿಲ್ ಮುಂದೆ, ನಾವು ಹಿಂದೆ.

ಡಾಕ್ಟರ್ ವಸುಧಾ ಐವತ್ತರ ಹತ್ತಿರದ ಹೆಂಗಸು. ಲ್ಯಾಬಿನ ಚೀಟಿ ಓದಿದರು. ತಲೆಯೆತ್ತಿ ಮುಝಮ್ಮಿಲನನ್ನು ನೋಡಿದರು. ಆಮೇಲೆ ಕತ್ತು ಓರೆಮಾಡಿ ಅವನ ಹಿಂದೆ ನೋಡಿದರು.

"ಪೇಷೆಂಟ್ ಎಲ್ಲಿ?"

"ನಾನೇ."

"ನೀನಾ? ತಮ್ಮ ಯಾರಾದರೂ ಇದ್ದಾನಾ?"

"ಇಲ್ಲ. ನಾನೇ ಸಣ್ಣವನು."

ಡಾಕ್ಟರು ಚೀಟಿಯನ್ನು ಇನ್ನೊಮ್ಮೆ ಓದಿದರು. "ಮೂವತ್ತಾರು ಕಿಲೋ," ಎಂದು ಗಟ್ಟಿಯಾಗಿ ಹೇಳಿದರು. ಉಮ್ಮ ಬಾಯಿ ತೆರೆದು ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಗೋಡೆಯ ಮೇಲಿನ ಪೋಲಿಯೋ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

"ಇದನ್ನು ಯಾರು ಹೇಳಿದ್ದು?"

ಮುಝಮ್ಮಿಲ್ ಬೆರಳು ತೋರಿಸಿದ.

"ಅಜ್ಜಿ, ಕೂತುಕೊಳ್ಳಿ," ಎಂದರು ಡಾಕ್ಟರು. "ಇದು ತಮಾಷೆ ಅಲ್ಲ. ಎದೆಯಲ್ಲಿ ಆಗುವ ಕರೆಂಟನ್ನು ಈ ಮೆಷಿನು ಹೊರಗಿನಿಂದ ಕೇಳುವುದು. ಪಕ್ಕದ ಮನೆಯ ಜಗಳ ನಿಮಗೆ ಕೇಳ್ತದಲ್ಲ?"

"ದಿನಾ ಕೇಳ್ತದೆ," ಎಂದರು ಅಜ್ಜಿ, ಸ್ವಲ್ಪ ಜೀವ ಬಂದು.

"ತಟ್ಟಿಯ ಗೋಡೆ ಇದ್ದರೆ ಗಟ್ಟಿ ಕೇಳ್ತದೆ. ಕಲ್ಲಿನ ಗೋಡೆ ಇದ್ದರೆ ಮೆಲ್ಲ ಕೇಳ್ತದೆ. ಜಗಳ ಅಷ್ಟೇ ಇರ್ತದೆ. ಸಪೂರದ ಮಕ್ಕಳದ್ದು ತಟ್ಟಿ ಗೋಡೆ, ಗೆರೆ ಎತ್ತರ ಬರ್ತದೆ. ಇವನದ್ದು ಕಲ್ಲಿನ ಗೋಡೆ. ಗೆರೆ ಗಿಡ್ಡ ಬರಬಹುದು. ಹಾಗೇ ಹೊಟ್ಟೆ ದೊಡ್ಡದಾದರೆ ಕೆಳಗಿನಿಂದ ತಳ್ಳುತ್ತದೆ, ಆಗ ಹೃದಯ ಸ್ವಲ್ಪ ಅಡ್ಡ ಮಲಗ್ತದೆ. ಆಗಲೂ ಗೆರೆ ಬದಲಾಗ್ತದೆ."

"ಮಲಗಿ ಬಿಡ್ತದಾ?" ಅಜ್ಜಿ ಎದ್ದು ನಿಂತರು.

"ಮಲಗಿಯೇ ಕೆಲಸ ಮಾಡ್ತದೆ. ನಿಮ್ಮ ಮೊಮ್ಮಗನ ಹಾಗೆ ಅಲ್ಲ."

ಮುಝಮ್ಮಿಲ್ ಮೊದಲ ಸಲ ನಕ್ಕ.

"ಮಕ್ಕಳಲ್ಲಿ ಇನ್ನೂ ಕಷ್ಟ," ಎಂದು ಡಾಕ್ಟರು ಮುಂದುವರಿಸಿದರು. "ಹುಟ್ಟಿದ ಮಗುವಿನ ಗೆರೆ ಒಂದು ರೀತಿ, ಐದು ವರ್ಷದ್ದು ಇನ್ನೊಂದು ರೀತಿ, ಈ ಪ್ರಾಯದ್ದು ಬೇರೆಯೇ. ಹುಡುಗ ಬೆಳೆದ ಹಾಗೆ ಗೆರೆಯೂ ಬದಲಾಗುವುದು. ಅದಕ್ಕೇ ನಾವು ಪ್ರಾಯ, ಎತ್ತರ, ತೂಕ ಕೇಳುವುದು. ಮಂಗಳೂರಿನ ಡಾಕ್ಟ್ರು ಸರಿಯಾಗಿಯೇ ಹೇಳಿದ್ದಾರೆ. ಅವರು ಹೇಳಿದ್ದು ಬೇರೆ ಒಬ್ಬ ಹುಡುಗನಿಗೆ. ಈಗ ಹೇಳಿ, ಇವನ ನಿಜವಾದ ತೂಕ ಎಷ್ಟು?"

ಅಜ್ಜಿ ಬಾಗಿಲ ಕಡೆ ನೋಡಿದರು. ನಾನು ಹೋಗಿ ಬಾಗಿಲು ಮುಚ್ಚಿದೆ. ಕಿಟಕಿಯ ಕಡೆ ನೋಡಿದರು. ಉಮ್ಮ ಹಲ್ಲು ಕಚ್ಚಿಕೊಂಡು ಹೋಗಿ ಕಿಟಕಿ ಮುಚ್ಚಿದರು. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಡಾಕ್ಟರ ಕಿವಿಯ ಹತ್ತಿರ ಬಗ್ಗಿದರು.

"ಅರವತ್ತು."

ಡಾಕ್ಟರು ಮುಝಮ್ಮಿಲನನ್ನು ತೂಕದ ಮೆಷಿನಿನ ಮೇಲೆ ನಿಲ್ಲಿಸಿದರು. ಎಪ್ಪತ್ತನಾಲ್ಕು.

"ಹದಿನಾಲ್ಕು ಎಲ್ಲಿಂದ ಬಂತು ಅಜ್ಜಿ?"

"ಬಸ್ಸಿನಲ್ಲಿ ಬಂದದ್ದಲ್ಲವಾ," ಎಂದರು ಅಜ್ಜಿ. "ಧೂಳು."

"ಮೊನ್ನೆ ಶಾಲೆಯಲ್ಲಿ ಎಪ್ಪತ್ತೆರಡು ಇತ್ತು," ಎಂದ ಮುಝಮ್ಮಿಲ್. ಉಳಿದ ಎರಡು ಕಿಲೋ ತುಪ್ಪದನ್ನವೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಅತ್ತೆಯೂ ಹೀಗೆಯೇ," ಎಂದರು. "ನನ್ನ ಮಗಳಿಗೆ ರ‍್ಯಾಂಕ್ ಬಂದರೆ ಊರಿಗೆಲ್ಲ ಫೇಲ್ ಅಂತ ಹೇಳಿ ಬಂದಿದ್ದರು. ಆದರೆ ಅಜ್ಜಿ, ಊರಿಗೆ ಸುಳ್ಳು ಹೇಳಿ, ಡಾಕ್ಟ್ರಿಗೆ ಹೇಳಬೇಡಿ."

ಮತ್ತೆ ಇಸಿಜಿ ಮಾಡಿದರು. ಯಾವುದಕ್ಕೂ ಇರಲಿ ಎಂದು ಪಕ್ಕದ ಕೋಣೆಯಲ್ಲಿ ಹೃದಯದ ಸ್ಕ್ಯಾನನ್ನೂ ಮಾಡಿದರು. ಪರದೆಯ ಮೇಲೆ ಅದು ತೆರೆದು ಮುಚ್ಚಿ ತೆರೆದು ಮುಚ್ಚಿ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಸುತ್ತ ಒಂದು ಹನಿ ನೀರೂ ಇರಲಿಲ್ಲ. ಉಮ್ಮ ಅಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಅಜ್ಜಿ ಮಾತ್ರ ಪರದೆಯನ್ನೇ ನೋಡುತ್ತಿದ್ದರು. "ಅಂದರೆ ಡಾಕ್ಟ್ರೇ," ಎಂದರು, "ಇವನು ಇಷ್ಟು ದಿನ ಮಲಗಿದ್ದು ನನ್ನ ಬಾಯಿಯಿಂದವಾ?"

"ಹೌದು," ಎಂದರು ಡಾಕ್ಟರು. ಸಮಾಧಾನಕ್ಕೆ ಬೇರೆ ಏನನ್ನೂ ಸೇರಿಸಲಿಲ್ಲ. ನನಗೆ ಅವರ ಮೇಲೆ ಗೌರವ ಬಂದದ್ದು ಆಗ.

ಅಜ್ಜಿ ಮುಝಮ್ಮಿಲನ ಎದೆಗೆ ಅಂಟಿದ್ದ ಜೆಲ್ಲನ್ನು ತಮ್ಮ ಸೆರಗಿನಿಂದ ಒರೆಸಿದರು. ಅವನು ಕಚಗುಳಿಯಾಗಿ ಕುಣಿದ. ಮಂಚ ಕಿರುಗುಟ್ಟಿತು.

ಸಹಿ ಹಾಕುವ ಮೊದಲು ಡಾಕ್ಟರು ಅವನನ್ನು ಎದುರು ಕೂರಿಸಿದರು. "ನೋಡು ಮಗಾ, ಹೃದಯ ಈಗ ಚೆನ್ನಾಗಿ ಉಂಟು. ಹಗ್ಗ ಎಳೆ. ಆದರೆ ಹೀಗೇ ಬೆಳೆದರೆ ಇನ್ನು ಹತ್ತು ಹದಿನೈದು ವರ್ಷದಲ್ಲಿ ನಿಜವಾದ ಕಾರಣಕ್ಕೇ ನನ್ನಂಥವರ ಹತ್ತಿರ ಬರ್ತೀಯ. ಶನಿವಾರ ಕಳೆದ ಮೇಲೆ ದಿನಾ ನಡಿ. ಹಲ್ವ ಕಡಿಮೆ ಮಾಡು. ಆಗ್ತದಾ?"

"ಶನಿವಾರ ಕಳೆದ ಮೇಲೆ ಆಗ್ತದೆ," ಎಂದ. ಅವನ ಕಣ್ಣು ಪೆನ್ನಿನ ಮೇಲೆಯೇ ಇತ್ತು.

"ಡಾಕ್ಟ್ರೇ, ಆ ತೂಕ ಬರೆಯದಿದ್ದರೆ ಆಗುವುದಿಲ್ಲವಾ?" ಎಂದರು ಅಜ್ಜಿ.

"ನಾನು ಬರೆಯದಿದ್ದರೆ ಏನು? ಹಗ್ಗಜಗ್ಗಾಟದಲ್ಲಿ ಎಲ್ಲರ ಎದುರೇ ತೂಗ್ತಾರೆ. ಮೈಕಿನಲ್ಲಿ ಹೇಳ್ತಾರೆ."

ಅಜ್ಜಿಗೆ ಇದು ಗೊತ್ತಿರಲಿಲ್ಲ.

ಶನಿವಾರ ಅಜ್ಜಿ ಮೂಡುಬಿದಿರೆಗೆ ಬಂದರು. ಬೇಡವೆಂದರೂ ಬಂದರು. ಅಜ್ಜನೂ ಅಂಗಡಿ ಮುಚ್ಚಿ ಜೊತೆಗಿದ್ದರು. ತೂಗುವುದನ್ನು ನೋಡಲು ಎಂದರು. ಮೈದಾನದ ಬದಿಯ ಶಾಮಿಯಾನದ ಕೆಳಗೆ ಮೇಜು, ಮೇಜಿನ ಪಕ್ಕ ದೊಡ್ಡ ತಕ್ಕಡಿ, ಮೇಜಿನ ಮೇಲೆ ಮೈಕು. ಎಂಟು ಜನ ಸೇರಿ ನಾನೂರು ಕಿಲೋ ದಾಟಬಾರದು. ಒಬ್ಬೊಬ್ಬರೇ ಹತ್ತಿದರು. ನಲವತ್ತೊಂದು, ನಲವತ್ತನಾಲ್ಕು, ಬಾಸಿತ್ ಐವತ್ತು. ಮುಝಮ್ಮಿಲ್ ಹತ್ತಿದಾಗ ತಕ್ಕಡಿ ಒಮ್ಮೆ ನಿಟ್ಟುಸಿರು ಬಿಟ್ಟಿತು.

"ಎಪ್ಪತ್ತನಾಲ್ಕು!" ಎಂದಿತು ಮೈಕು. ಇಡೀ ಮೈದಾನ ಸೀಟಿ ಹೊಡೆಯಿತು. ಅಜ್ಜಿ ಬಾಯಲ್ಲಿ ಏನೋ ಓದಿ ಅವನ ದಿಕ್ಕಿಗೆ ಊದಿದರು.

"ಒಟ್ಟು ನಾನೂರ ಎರಡು," ಎಂದಿತು ಮೈಕು.

ದೇವಿಪ್ರಸಾದ್ ಮಾಸ್ಟ್ರು ತಲೆಗೆ ಕೈಯಿಟ್ಟರು. "ಹೇಗೆ? ನಾನು ಸರಿಯಾಗಿ ನಾನೂರಕ್ಕೆ ನಿಲ್ಲಿಸಿದ್ದೆ. ಈ ಎರಡು ಕಿಲೋ ಎಲ್ಲಿಂದ?"

ಅಜ್ಜ ಅಜ್ಜಿಯ ಕಡೆ ನೋಡಿದರು. ಅಜ್ಜಿ ನೇರ ಮೇಜಿಗೆ ಹೋದರು.

"ಅವನದ್ದು ಮೂವತ್ತಾರು ಬರೆಯಿರಿ. ವಿಟ್ಲದ ಲ್ಯಾಬಿನಲ್ಲಿ ಹಾಗೆಯೇ ಬರೆದದ್ದು."

"ಅಮ್ಮ, ಇಲ್ಲಿ ತಕ್ಕಡಿ ಹೇಳಿದ್ದನ್ನು ಬರೆಯುವುದು," ಎಂದ ಮೇಜಿನವನು.

ಮುಝಮ್ಮಿಲ್ ತಕ್ಕಡಿಯಿಂದ ಇಳಿದಿರಲಿಲ್ಲ. ಹೆಚ್ಚಾದದ್ದು ಅವನಿಂದ ಎಂದು ಎಲ್ಲರಿಗೂ ತಿಳಿದಿತ್ತು, ತೆಗೆಯುವುದಾದರೆ ಅವನನ್ನೇ ತೆಗೆಯುವುದು ಸುಲಭ ಎಂದೂ. ಅವನು ಮಾಸ್ಟ್ರನ್ನು ನೋಡಲಿಲ್ಲ. ತಕ್ಕಡಿಯ ಮುಳ್ಳನ್ನೇ ನೋಡುತ್ತ ಹೊಟ್ಟೆಯನ್ನು ಒಳಗೆ ಎಳೆದುಕೊಂಡು ನಿಂತಿದ್ದ, ಅದರಿಂದ ಮುಳ್ಳು ಇಳಿಯುತ್ತದೆ ಎಂಬ ಹಾಗೆ.

ಮಾಸ್ಟ್ರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ನಲವತ್ತನಾಲ್ಕರ ಹುಡುಗನನ್ನು ಕರೆದು ಬೆನ್ನು ತಟ್ಟಿ ಕೂರಿಸಿದರು. ಹೆಚ್ಚುವರಿಯಾಗಿ ಬಂದಿದ್ದ ಏಳನೆಯ ತರಗತಿಯ ನಲವತ್ತರ ಹುಡುಗನನ್ನು ಸೇರಿಸಿದರು. "ತುದಿಗೆ ಇವನೇ," ಎಂದರು. "ಇಳಿ ಮಾರಾಯ, ಉಸಿರು ಬಿಡು. ತಕ್ಕಡಿ ಬೇರೆಯವರಿಗೂ ಬೇಕು."

ಮೊದಲ ಎರಡು ಸುತ್ತು ಗೆದ್ದರು. ಮುಝಮ್ಮಿಲ್ ಹಗ್ಗ ಸುತ್ತಿಕೊಂಡು, ಹಿಮ್ಮಡಿ ನೆಲಕ್ಕೆ ಊರಿ, ಆಕಾಶ ನೋಡುತ್ತ ಒರಗುವುದನ್ನು ನಾನು ಮೊದಲ ಸಲ ನೋಡಿದೆ. ಆರಾಮದ ಕೆಲಸ ಎಂದುಕೊಂಡಿದ್ದೆ. ಕುತ್ತಿಗೆಯ ನರ ಹಗ್ಗದಷ್ಟೇ ದಪ್ಪ ಉಬ್ಬಿತ್ತು. ಹಾಸ್ಟೆಲಿನ ಗೆಳತಿಯರ ಎದುರು ನಾನು ಕಿರುಚಿದ್ದನ್ನು ಅವರು ಈಗಲೂ ಆಡಿ ತೋರಿಸುತ್ತಾರೆ.

ಫೈನಲಿನಲ್ಲಿ ಎದುರಿದ್ದದ್ದು ಶಿರ್ತಾಡಿಯ ಕಡೆಯ ತಂಡ. ಅವರ ತುದಿಯವನು ನಮ್ಮವನಿಗಿಂತ ಅಗಲ. ತುಂಬ ಹೊತ್ತು ಹಗ್ಗ ಆಚೆಗೂ ಹೋಗಲಿಲ್ಲ, ಈಚೆಗೂ ಬರಲಿಲ್ಲ. ಆಮೇಲೆ ನಮ್ಮ ಏಳನೆಯ ತರಗತಿಯ ಹುಡುಗನ ಕಾಲು ಜಾರಿತು. ಅಲ್ಲಿಗೆ ಮುಗಿಯಿತು. ಮುಝಮ್ಮಿಲ್ ಮಾತ್ರ ಕೊನೆಯವರೆಗೆ ಹಗ್ಗ ಬಿಡದೆ, ಕುಳಿತ ಭಂಗಿಯಲ್ಲೇ, ಮಣ್ಣಿನಲ್ಲಿ ಎರಡು ಸಾಲು ಎಬ್ಬಿಸುತ್ತ ಗೆರೆ ದಾಟಿದ.

ಎರಡನೆಯ ಬಹುಮಾನದ ಕಪ್ಪು ಒಂದು ಚಹಾ ಲೋಟದಷ್ಟಿತ್ತು. ಅವನು ಅದನ್ನು ಯಾರ ಕೈಗೂ ಕೊಡಲಿಲ್ಲ.

ಗೋಳಿಬಜೆಯ ಗಾಡಿಯ ಹತ್ತಿರ ಎರಡೂ ತಂಡಗಳ ತುದಿಯವರು ಅಕ್ಕಪಕ್ಕ ನಿಂತು, ಮಾತಿಲ್ಲದೆ, ತಟ್ಟೆ ಖಾಲಿ ಮಾಡುತ್ತಿದ್ದರು. ಶಿರ್ತಾಡಿಯ ಹುಡುಗನ ಅಮ್ಮ ನಮ್ಮ ಅಜ್ಜಿಯ ಪಕ್ಕಕ್ಕೆ ಬಂದರು. ಹಣೆಯಲ್ಲಿ ದೊಡ್ಡ ಕುಂಕುಮ, ಹೆಸರು ಅನ್ನಪೂರ್ಣೇಶ್ವರಿ. ಗೆದ್ದವರ ಮನೆಯವರಾದ್ದರಿಂದ ತಾವೇ ಮಾತು ತೆಗೆದರು.

"ನಿಮ್ಮ ಮೊಮ್ಮಗನಾ? ಒಳ್ಳೆ ಎಳೆದ."

"ಎಳೆದದ್ದೇನು, ಅವನಿಗೆ ಶಕ್ತಿ ಎಲ್ಲುಂಟು?" ಎಂದರು ಅಜ್ಜಿ. "ಏನು ಕೊಟ್ಟರೂ ತಿನ್ನುವುದಿಲ್ಲ."

"ಇವನೂ ಹಾಗೆಯೇ ನೋಡಿ," ಎಂದರು ಅನ್ನಪೂರ್ಣೇಶ್ವರಿ, ಹುಡುಗ ಮೂರನೆಯ ತಟ್ಟೆಗೆ ಕೈ ಚಾಚುವಾಗ. "ಹೊಟ್ಟೆಗೆ ಸೇರುವುದೇ ಇಲ್ಲ. ರಾತ್ರಿ ನನಗೆ ಅದೇ ಚಿಂತೆ."

ಅಜ್ಜಿ ಆ ಹುಡುಗನನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ನೋಡಿದರು. ಅವರ ಮುಖದಲ್ಲಿ ನಿಜವಾದ ಮರುಕ ಇತ್ತು.

"ಬೆಳಿಗ್ಗೆ ಎರಡು ಮೊಟ್ಟೆ ಕೊಟ್ಟು ನೋಡಿ."

"ನಾವು ಮೊಟ್ಟೆ ತಿನ್ನುವವರಲ್ಲ."

"ಹಾಗಾದರೆ ತುಪ್ಪ," ಎಂದು ಅಜ್ಜಿ ಅವರ ಕೈ ಹಿಡಿದುಕೊಂಡು ಬೆಂಚಿನ ಕಡೆ ಕರೆದುಕೊಂಡು ಹೋದರು.